ರಾಜನ ನೆಮ್ಮದಿ, ಅಪ್ಪನ ನೆಮ್ಮದಿ

ಭಾನುವಾರ, ಮಧ್ಯಾಹ್ನದ ಆಟ ಮುಗಿದ ಮೇಲೆ

ಮಹಾಜನರೇ! ಮನುಷ್ಯರ ಮನಸ್ಸನ್ನು ಗಣಿತದಲ್ಲಿ ಹಿಡಿಯಹೊರಟ ಸಮಸ್ತ ಪಂಡಿತರೇ! ಕುರ್ಚಿ ಎಳೆಯುವ ಸದ್ದು ನಿಲ್ಲಲಿ! ನಿಮ್ಮ ನಡುವೆ ಕೂತಿರುವ ನನ್ನ ಮಗಳನ್ನು ಹೊಗಳಲು ಈ ಮುದಿ ನಟ ಬಂದಿದ್ದಾನೆ.

ಪ್ರೀತಿಯ ಮಗಳೇ, ನಾಚಿಕೊಳ್ಳಬೇಡ. ಇದನ್ನು ನಿನ್ನ ಜೊತೆ ಕೆಲಸ ಮಾಡುವವರಿಗೆಲ್ಲ ಗಟ್ಟಿಯಾಗಿ ಓದಿ ಹೇಳು.

ನಿನ್ನಮ್ಮ ಹೋದ ಮೇಲೆ, ರಾಜನ ಪಾತ್ರಕ್ಕೆ ಬೇರೆಯವರು ಸಿಗುವವರೆಗಷ್ಟೇ ಆಡುತ್ತೇನೆ, ಆಮೇಲೆ ನಾಟಕವೇ ಸಾಕೆಂದು ಕಂಪನಿಯ ಯಜಮಾನರಿಗೆ ಹೇಳಿಬಿಟ್ಟಿದ್ದೆನಲ್ಲ? ಪರದೆಯ ಮರೆಯಲ್ಲಿ ಸ್ಟೂಲಿನ ಮೇಲೆ ಕೂತು ನಾನು ಮರೆತ ಮಾತು ಎತ್ತಿಕೊಡುತ್ತಿದ್ದವಳು ಅವಳು. ಆ ಕಡೆ ಕಣ್ಣು ಹಾಯಿಸಿದರೆ ಸಾಕು, ನನ್ನ ಸಿಡಿಲಿನಂಥ ಮಾತು ಅರ್ಧಕ್ಕೇ ನಿಂತುಬಿಡುತ್ತಿತ್ತು. ದಿನಾ ಅದೇ ನಡುಕ. ಇನ್ನು ನಾನು ಸುಧಾರಿಸುವ ಆಸಾಮಿಯಲ್ಲ ಎಂದುಕೊಂಡೆ.

ಆಗ ನೀನು, ಹೆದರಿಕೆ ಎಷ್ಟು, ನೆಮ್ಮದಿ ಎಷ್ಟು ಅಂತ ದಿನಾ ಫೋನಿನಲ್ಲಿ ಅಂಕಿ ಒತ್ತು ಅಂದೆ. ಒತ್ತಿದೆ. ಕೆಲವು ವಾರ ಕಳೆದ ಮೇಲೆ, ನೆಮ್ಮದಿಯ ಅಂಕಿ ದಿನಾ ಮೇಲೇ ಇರುವುದನ್ನು ಕಂಡು ನೀನು ರೇಗಿದ್ದು ಇನ್ನೂ ಕಿವಿಯಲ್ಲಿದೆ: ಅಪ್ಪಾ, ಇದು ಯಾರ ನೆಮ್ಮದಿ? ಕಿರೀಟ ಇಟ್ಕೊಂಡೇ ಒತ್ತುತ್ತಿದ್ದೀಯಾ?

ಹೌದಮ್ಮ! ರಾಜನ ವೇಷದಲ್ಲಿರುವವನ ಕ್ಷೇಮ ಕೇಳಿದರೆ ರಾಜನೇ ತಾನೆ ಉತ್ತರ ಕೊಡಬೇಕು? ನಿನ್ನ ಲೆಕ್ಕವೆಲ್ಲ ಮಣ್ಣುಪಾಲಾಯಿತೆಂದು ಪೆಚ್ಚಾದೆ. ನೀನು ನಕ್ಕುಬಿಟ್ಟೆ. ರಾಜನೂ ಒತ್ತಲಿ, ಬಣ್ಣ ಒರೆಸಿಕೊಂಡು ನೀನೂ ಒತ್ತು ಅಂದೆ.

ಮೊನ್ನೆ ನೀನು ಆ ಅಂಕಿಗಳಿಂದ ಗೆರೆ ಎಳೆದು ಕಳಿಸಿದ ಚಿತ್ರ ನೋಡಿದೆ. ಹೆದರಿಕೆಯ ಗೆರೆ ಕೋತಿಯ ಹಾಗೆ ಮೇಲಕ್ಕೂ ಕೆಳಕ್ಕೂ ನೆಗೆಯುತ್ತಿದೆ. ಆದರೆ ರಾಜನ ನೆಮ್ಮದಿಗೂ ನನ್ನ ನೆಮ್ಮದಿಗೂ ನಡುವಿನ ಅಂತರ ಬಸವನಹುಳುವಿನ ಹಾಗೆ, ತಿಂಗಳಿಂದ ತಿಂಗಳಿಗೆ, ಕಿರಿದಾಗುತ್ತಾ ಬಂದಿದೆ! ಹೆದರಿಕೆ ಗಂಟೆಗೊಂದು ಥರ, ದುಃಖ ಕರಗೋಕೆ ಕಾಲ ಬೇಕು, ಎರಡಕ್ಕೂ ಒಂದೇ ಗಡಿಯಾರ ಹಿಡಿದು ಸೋತೆ ಅಂದ್ಕೊಂಡೆಯಲ್ಲಪ್ಪಾ ಎಂದು ನೀನು ಹೇಳಿದೆ. ಮುಂದೇನಾಗುತ್ತೋ ನನ್ನ ಲೆಕ್ಕ ಆಣೆ ಮಾಡಿ ಹೇಳಲ್ಲ ಅಂತಲೂ ಹೇಳಿದೆ. ಬೇಡ ಬಿಡು, ನನಗಿಷ್ಟೇ ಸಾಕು.

ಇವತ್ತೂ ನಡುಗಿದೆ. ನಡುಗುತ್ತಲೇ ಗುಡುಗಿದೆ. ಆಟ ಮುಗಿದ ಕೂಡಲೇ ಯಜಮಾನರ ಹತ್ತಿರ ಹೋಗಿ, ನಾನು ನಾಟಕ ಬಿಡುವುದಿಲ್ಲ ಎಂದೆ. ಅವರು ವೀಳ್ಯ ಜಗಿಯುವಷ್ಟು ಸಾವಧಾನವಾಗಿ, ನಾನು ಬೇರೆ ರಾಜನನ್ನ ಹುಡುಕಿದ್ದರೆ ತಾನೆ ಅಂದರು.

ನೀನು ನನಗೆ ರಂಗವನ್ನು ಉಳಿಸಿಕೊಟ್ಟೆ, ಮಗಳೇ. ನಿನಗೆ ಕೈ ಮುಗಿದೆ.

ನಿನ್ನ
ಅಪ್ಪ

ಮರೆತ ಮಾತು: ಅಮ್ಮನ ಸ್ಟೂಲಿನ ಮೇಲೆ ಇದುವರೆಗೆ ಯಾರನ್ನೂ ಕೂರಲು ಬಿಟ್ಟಿರಲಿಲ್ಲ. ಈಗ ಮಾತು ಎತ್ತಿಕೊಡುವ ಹೆಣ್ಣುಮಗಳು ಪಾಪ, ಆಟವಿಡೀ ನಿಂತೇ ಓದುತ್ತಾಳೆ. ನಾಳೆ ಬೆಳಗ್ಗೆ ಎಲ್ಲರಿಗಿಂತ ಮೊದಲು ಹೋಗಿ, ಸ್ಟೂಲಿನ ಧೂಳು ಒರೆಸಿ, ಆಕೆಯನ್ನು ಅದರ ಮೇಲೆ ಕೂರಿಸುತ್ತೇನೆ.