ಎರಡು ರಾಧಮ್ಮ, ಒಂದು ಬಾನು

ಜೂನ್ 8, 2005, ಬೆಳಿಗ್ಗೆ

ಕಡುಬು ಇಳಿಸಿ ಆಯಿತು. ಚಟ್ನಿಗೆ ಒಗ್ಗರಣೆ ಬಾಕಿ. ಏಳೂಕಾಲರ ಬಸ್ಸಿಗೆ ಇನ್ನೂ ಹೊತ್ತಿದೆ.

ಎದುರುಗಡೆ ಹಲಸಿನ ಮರದ ಬುಡದಲ್ಲಿ ಯಾರೋ ತಗಡು ಹೊಡೆಯುತ್ತಿದ್ದಾರೆ. ನಮ್ಮ ಹೋಟೆಲಿಗೂ ಆ ಮರಕ್ಕೂ ನಡುವೆ ರಸ್ತೆ, ರಸ್ತೆಯ ಅಂಚಿಗೆ ಗಡಿಕಲ್ಲು. ಈಚೆ ಕೊಪ್ಪ ತಾಲ್ಲೂಕು, ಆಚೆ ಎನ್.ಆರ್.ಪುರ. ಬೆಳಿಗ್ಗೆ ಕೊಪ್ಪಕ್ಕೆ ಹೋಗುವ ಬಸ್ಸಿನ ಬಾಗಿಲು ನೇರ ನಮ್ಮ ಬೆಂಚಿಗೇ ತೆರೆಯುತ್ತದೆ. ಸಂಜೆ ವಾಪಸು ಬರುವಾಗ ಆಚೆ ಬದಿಗೆ. ಇಷ್ಟು ವರ್ಷ ಆಚೆ ಇಳಿದವರೂ ರಸ್ತೆ ದಾಟಿ ನನ್ನ ಹತ್ತಿರವೇ ಬರುತ್ತಿದ್ದರು. ಮರದ ಹತ್ತಿರ ಹೋಗಿ ಕಾಫಿ ಕೇಳುತ್ತಾರಾ?

ಇನ್ನು ಕೇಳಬಹುದೋ ಏನೋ. ಅಂಗಡಿಯಂತೆ.

ಬರಲಿ. ಈ ಸ್ಟಾಪಿಗೆ ಹೆಸರೇ ನನ್ನದು. ಯಾವ ನಕ್ಷೆಯಲ್ಲೂ ಇಲ್ಲದಿದ್ದರೂ ಕಂಡಕ್ಟರ್ ನವೀನನ ಬಾಯಲ್ಲಿದೆ. "ರಾಧಮ್ಮಾ... ರಾಧಮ್ಮ ಯಾರ್ರೀ ಇಳಿಯೋರು?" ಜನ ಟಿಕೆಟ್ ಕೇಳುವುದೂ ಹಾಗೇ — ಎರಡು ರಾಧಮ್ಮ, ಒಂದು ಅರ್ಧ ರಾಧಮ್ಮ. ಮೊದಮೊದಲು ನಾಚಿಕೆಯಾಗುತ್ತಿತ್ತು. ಈಗ ಬಸ್ಸು ಬರುವ ಹೊತ್ತಿಗೆ ಒಲೆ ಊದುವುದು ನಿಲ್ಲಿಸುತ್ತೇನೆ. ಸರಿಯಾಗಿ ಕೇಳಬೇಕಲ್ಲ.

ಜೂನ್ 15

ಅವಳ ಹೆಸರು ಅಖ್ತರ್ ಬಾನು. ಕೊಪ್ಪ ಪೇಟೆಯ ಹುಡುಗಿ. ಗಂಡ ಕಮಾಲುದ್ದೀನ್ ಲಗೇಜ್ ಆಟೋ ಓಡಿಸುತ್ತಾನೆ. ಇವತ್ತು ಅಂಗಡಿ ಶುರು ಎಂದು ತಟ್ಟೆಯಲ್ಲಿ ಲಾಡು ತಂದಳು. ಅಕ್ಕ, ಅಕ್ಕ ಎಂದು ಎರಡು ಸಲ ಕರೆದಳು. ನಲ್ಲಿ ಬರುವವರೆಗೆ ಒಂದು ಕೊಡ ನೀರು ಬೇಕೆಂದಳು. ಕೊಟ್ಟೆ. ಕೊಡದಿದ್ದರೆ ಊರು ಏನನ್ನುತ್ತದೆ.

ಸಂಜೆ ಕೊಡ ವಾಪಸು ತಂದಿಟ್ಟಳು. ಹುಣಸೆಹಣ್ಣು ಹಾಕಿ ಉಜ್ಜಿ, ಫಳಫಳ. ನನ್ನ ಕೊಡ ನನಗೇ ಗುರುತು ಸಿಗಲಿಲ್ಲ. ಅಂದರೆ ನಾನು ತೊಳೆಯುವುದಿಲ್ಲ ಅಂತಲಾ?

ಲಾಡು ಚೆನ್ನಾಗಿತ್ತು. ತಿಂದವರು ಇವರು. ನಾನು ಒಂದು ಚೂರು.

ಜುಲೈ 4, ಸಂಜೆ

ಮೂರು ದಿನದಿಂದ ಕರೆಂಟಿಲ್ಲ. ನಮಗಿಲ್ಲ. ಆಚೆ ಇದೆ! ಆ ತಾಲ್ಲೂಕಿನ ಲೈನೇ ಬೇರೆಯಂತೆ. ನಾನು ಸೀಮೆಎಣ್ಣೆ ಬುಡ್ಡಿ ಇಟ್ಟುಕೊಂಡು ಕೂತಿದ್ದರೆ ಎದುರಿಗೆ ಟ್ಯೂಬ್‌ಲೈಟ್. ಅದರ ಬೆಳಕು ರಸ್ತೆ ದಾಟಿ ನನ್ನ ಹೊಸ್ತಿಲವರೆಗೆ ಬರುತ್ತದೆ. ಧರ್ಮಕ್ಕೆ.

ಸಾಲದು ಎಂದು ಕಾಯಿನ್ ಬಾಕ್ಸ್ ಫೋನು ಹಾಕಿಸಿದ್ದಾಳೆ. ಇಷ್ಟು ವರ್ಷ ಫೋನ್ ಮಾಡಬೇಕೆಂದರೆ ಕಡಹಿನಬೈಲಿಗೆ ಹೋಗಬೇಕಿತ್ತು ನಾವು. ಈಗ ಕ್ಯೂ. ಕಾಯುವವರು ಸುಮ್ಮನೆ ಕಾಯುತ್ತಾರಾ, ಅವಳ ಏಲಕ್ಕಿ ಟೀ ಕುಡಿಯುತ್ತಾರೆ. ಟೀ ಕುಡಿದವರು ಆಮ್ಲೆಟ್.

ಜುಲೈ 21

ಇವರು ಮಧ್ಯಾಹ್ನ ಊಟಕ್ಕೆ ಬಂದಾಗ ಮೈಯಿಂದ ಏಲಕ್ಕಿ ವಾಸನೆ. ನಾನು ಏಲಕ್ಕಿ ಮುಟ್ಟದೆ ವಾರವಾಯಿತು. ಕೇಳಿದೆ. ಯಾರಿಗೋ ಫೋನ್ ಮಾಡಲು ಹೋಗಿದ್ದರಂತೆ. ಯಾರಿಗೆ? ಗೊತ್ತಿಲ್ಲ, ಎಂಗೇಜ್ ಇತ್ತು ಎಂದರು. ಸುಳ್ಳು ಹೇಳುವುದಕ್ಕೂ ಒಂದು ನಿಪುಣತೆ ಬೇಕು. ಇವರಿಗೆ ಕೃಷ್ಣಪ್ಪ ಎಂದು ಹೆಸರಿಟ್ಟರೆ ಸಾಕೇ.

ಕಟ್ಟಿಕೊಂಡವಳ ಕೈಯ ಕಾಫಿ ಕುಡಿದೇ ಕೂದಲು ನರೆತಿದೆ. ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ಮನೆ ಹೇಳಿಲ್ಲ ಹಿರಿಯರು.

"ನಿಂಗೆ ಹೊಟ್ಟೆಕಿಚ್ಚು ಮಾರಾಯ್ತಿ" ಅಂದರು ಕೈ ತೊಳೆಯುತ್ತಾ. ಹೌದು, ಹೊಟ್ಟೆಕಿಚ್ಚೇ. ಆ ಕಿಚ್ಚಿನಲ್ಲಿ ಕಡುಬು ಬೇಯುವ ಹಾಗಿದ್ದರೆ ಸೌದೆಯಾದರೂ ಉಳಿಯುತ್ತಿತ್ತು.

ಆಗಸ್ಟ್ 11

ಇವತ್ತು ಕೇಳಿಸಿತು.

ಸಂಜೆಯ ಬಸ್ಸು. ಮಳೆ ಬಿಟ್ಟಿತ್ತು, ಆದ್ದರಿಂದ ತಪ್ಪಾಗಿ ಕೇಳಿಸಿಕೊಂಡೆ ಎನ್ನುವ ಹಾಗಿಲ್ಲ. ನವೀನ ಫುಟ್‌ಬೋರ್ಡಿನ ಮೇಲೆ ನಿಂತು ಕೂಗಿದ — "ಬಾನು, ಬಾನು, ಬಾನು ಯಾರ್ರೀ?" ಮೂರು ಸಲ. ಆರು ಜನ ಇಳಿದರು. ಒಬ್ಬರೂ ನಗಲಿಲ್ಲ. ಒಬ್ಬರೂ ಅದು ರಾಧಮ್ಮ ಕಣೋ ಎನ್ನಲಿಲ್ಲ.

ಆಗಸ್ಟ್ 12, ಬೆಳಿಗ್ಗೆ

ನವೀನನ ಮುಂದೆ ಕಡುಬಿನ ತಟ್ಟೆ ಕುಕ್ಕಿದೆ. ಇವನು ಕೆಲಸಕ್ಕೆ ಸೇರಿದ ಮೊದಲ ವಾರ ಜ್ವರ ಬಂದು ನನ್ನ ಬೆಂಚಿನ ಮೇಲೆ ಮಲಗಿದ್ದಾಗ ಗಂಜಿ ಕುಡಿಸಿದವಳು ನಾನು. ನಿನ್ನೆ ಏನು ಕೂಗಿದೆ ಎಂದು ಕೇಳಿದೆ. ಮೊದಲು ಅವನಿಗೆ ಅರ್ಥವೇ ಆಗಲಿಲ್ಲ. ಅದು ಇನ್ನೂ ಬೇಜಾರು. ಬೇಕೆಂದು ಕೂಗಿದ್ದರೆ ಬೈಯಬಹುದಿತ್ತು.

"ಎಂತದಕ್ಕ, ಬಾಯಿಗೆ ಬಂತು ಅಷ್ಟೆ" ಅಂದ. "ಎರಡೇ ಅಕ್ಷರ ನೋಡಿ. ಕೂಗ್ಲಿಕ್ಕೆ ಸಸಾರ."

ಸಸಾರವಂತೆ. ಮಗನೇ, ಬಾನು ಅಂದರೆ ಆಕಾಶ. ಎಲ್ಲರಿಗೂ ಆಕಾಶಕ್ಕೆ ಟಿಕೆಟ್ ಹರಿದು ಕೊಡು. ಎರಡು ಆಕಾಶ, ಒಂದು ಅರ್ಧ ಆಕಾಶ. ಹೀಗೆಲ್ಲ ಹೇಳಬೇಕೆಂದು ಆಮೇಲೆ ಹೊಳೆಯಿತು. ಆಗ ಬರೀ ತಟ್ಟೆ ಎತ್ತಿಕೊಂಡು ಬಂದೆ. ಅವನು ಇನ್ನೂ ಒಂದು ಕಡುಬು ತಿನ್ನುವುದಿತ್ತು.

ಉಂಡ ಮನೆಗೆ ಎರಡು ಬಗೆಯುವವರು.

ಆಗಸ್ಟ್ 30

ಬೋರ್ಡು ಬರೆಸಿದೆ. ಹಳದಿ ಮೇಲೆ ಕೆಂಪು. ರಾಧಮ್ಮ ಹೋಟೆಲ್, ರಾಧಮ್ಮ ಸ್ಟಾಪ್. ಆ ತಿರುವಿನಿಂದಲೇ ಕಾಣಬೇಕು ಎಂದು ಪೇಂಟರಿಗೆ ಹೇಳಿದ್ದೆ. ಕಾಣುತ್ತದೆ.

ಆದರೆ ಬಸ್ಸಿನಲ್ಲಿ ಯಾರು ಓದುತ್ತಾರೆ? ಹೊರಗೆ ನೋಡುವ ಹೊತ್ತಿಗೆ ಕಿಟಕಿಗೆ ಟಾರ್ಪಾಲು ಇಳಿಬಿಟ್ಟಿರುತ್ತಾರೆ. ಸ್ಟಾಪಿನ ಹೆಸರು ಕಣ್ಣಿಗಲ್ಲ, ಕಿವಿಗೆ. ಖರ್ಚು ಮಾಡಿದ ಮೇಲೆ ಬುದ್ಧಿ ಬಂತು.

ಬಾನು ಬಂದು ನೋಡಿದಳು. ಬೋರ್ಡು ಭಾರಿ ಲಾಯ್ಕ್ ಆಗಿದೆ ಅಕ್ಕ ಎಂದಳು. ಕೊಂಕು ಹುಡುಕಿದೆ, ಸಿಗಲಿಲ್ಲ. ಸಿಕ್ಕಿದ್ದರೆ ನಿದ್ದೆಯಾದರೂ ಬರುತ್ತಿತ್ತು.

ಸೆಪ್ಟೆಂಬರ್ 17

ಏಲಕ್ಕಿ, ಶುಂಠಿ ಜಜ್ಜಿ ಹಾಕಿ ನಾನೂ ಟೀ ಮಾಡಿದೆ. ಇವರಿಗೆ ಕೊಟ್ಟೆ. ಕಷಾಯ ಯಾಕೆ, ಯಾರಿಗೆ ನೆಗಡಿ ಎಂದರು.

ಮಧ್ಯಾಹ್ನ ಬೈಕಿನಲ್ಲಿ ಒಬ್ಬ ಬಂದ. ಬಿಸ್ಕತ್ತು ಕಂಪನಿಯವನು. ಬಾನು ಸ್ಟಾಪ್ ಇದೇನಾ ಅಮ್ಮ ಎಂದು ಕೇಳಿದ. ಮೂಗಿನ ನೇರಕ್ಕೆ ಅವಳ ಅಂಗಡಿ. ಮಳೆ ಎಂದು ಟಾರ್ಪಾಲು ಇಳಿಬಿಟ್ಟಿದ್ದಳು, ಕಾಣಲಿಲ್ಲ ಅವನಿಗೆ. "ಆ ಹೆಸರಿಂದು ಈ ರಸ್ತೆಲಿ ಯಾವ್ದೂ ಇಲ್ಲಪ್ಪ" ಎಂದೆ. ಅವನು ಹಿರೇಕೊಡಿಗೆ ಕಡೆಗೆ ಹೋದ. ಎಷ್ಟೋ ಹೊತ್ತಿಗೆ ತೊಯ್ದು ತೊಪ್ಪೆಯಾಗಿ ವಾಪಸು ಬಂದ. ನಾನು ಒಳಗೆ ಅಕ್ಕಿ ಆರಿಸುತ್ತಿದ್ದೆ. ಬಹಳ ಶ್ರದ್ಧೆಯಿಂದ.

ಅವನು ಅವಳಿಗೆ ಹೇಳಿರುತ್ತಾನೆ. ಸಂಜೆ ಒಮ್ಮೆ ಇತ್ತ ನೋಡಿದಳು, ಅಷ್ಟೆ. ಜಗಳಕ್ಕೆ ಬರಬಾರದಾ ಈ ಹೆಂಗಸು? ಮಾತು ತಯಾರು ಮಾಡಿ ಇಟ್ಟುಕೊಂಡಿದ್ದೆ.

ಅಕ್ಟೋಬರ್ 14

ರಂಜಾನ್. ಹಗಲೆಲ್ಲ ಒಂದು ಹನಿ ನೀರೂ ಕುಡಿಯದೆ ಊರವರಿಗೆ ಟೀ ಮಾಡುತ್ತಾಳೆ. ರುಚಿ ನೋಡದೆ ಮಾಡಿದ ಟೀ ಮೊದಲಿಗಿಂತ ಚೆನ್ನಾಗಿದೆಯಂತೆ! ನಾನು ಮೂರು ಸಲ ನಾಲಿಗೆಗೆ ಹಚ್ಚಿ ನೋಡಿದ ಚಟ್ನಿಗೆ ಉಪ್ಪು ಹೆಚ್ಚು.

ಅದಲ್ಲ ಬರೆಯಬೇಕಾಗಿದ್ದು.

ಬಸುರಿ ಅವಳು. ದುಪ್ಪಟ್ಟದಲ್ಲಿ ಇಷ್ಟು ದಿನ ತಿಳಿದಿರಲಿಲ್ಲ. ಕೊಡ ಎತ್ತಲು ಬಗ್ಗಿದಾಗ ಕಂಡಿತು. ಉಪವಾಸ ಬೇಡ ಎಂದು ಗಂಡನೂ ಹೇಳಿದ್ದಾನಂತೆ, ಕೇಳುವುದಿಲ್ಲ. ನಾನೂ ಹೇಳಿದೆ. ಬೈದ ಹಾಗೆಯೇ ಹೇಳಿದೆ. ನಕ್ಕಳು.

ಒಳಗೆ ಬಂದು ಒಲೆ ಮುಂದೆ ಕೂತೆ. ಮಕ್ಕಳಾಗಲಿಲ್ಲ ನಮಗೆ. ಆ ಮಾತು ಹಳತಾಯಿತು, ಯಾರೂ ಈಗ ಎತ್ತುವುದಿಲ್ಲ. ಅಮ್ಮ ಎಂದು ಕರೆಯುವವರಿಲ್ಲದಿದ್ದರೇನು, ದಿನಕ್ಕೆ ಎರಡು ಹೊತ್ತು ಬಸ್ಸಿನಲ್ಲಾದರೂ ನನ್ನ ಹೆಸರು ಕೂಗುತ್ತಾರಲ್ಲ ಎಂದುಕೊಂಡಿದ್ದೆ. ಅವಳಿಗೆ ಇನ್ನು ಮಗುವೂ ಕರೆಯುತ್ತದೆ, ಬಸ್ಸೂ ಕರೆಯುತ್ತದೆ. ಎರಡೂ ಯಾಕೆ ಒಬ್ಬಳಿಗೇ?

ನವೆಂಬರ್ 22

ಬೆಳಗಿನ ಬಸ್ಸಿಗೂ ಬಾನು ಆಯಿತು. ಬಾಗಿಲು ನನ್ನ ಬೆಂಚಿಗೆ ತೆರೆಯುತ್ತದೆ, ಬಾಯಿ ಮಾತ್ರ ಅವಳ ಹೆಸರಿಗೆ.

ಬೇರೆ ಏನೂ ಇಲ್ಲ ಬರೆಯಲು.

ಡಿಸೆಂಬರ್ 6, ರಾತ್ರಿ ಊಟವಾದ ಮೇಲೆ

ಆದದ್ದು ಆದ ಹಾಗೆ ಬರೆಯುತ್ತೇನೆ.

ಮಧ್ಯಾಹ್ನ. ಬಸ್ಸಿಲ್ಲದ ಹೊತ್ತು, ರಸ್ತೆಯಲ್ಲಿ ನರಪಿಳ್ಳೆ ಇಲ್ಲ. ಇವರು ಕೊಪ್ಪಕ್ಕೆ, ಕಮಾಲುದ್ದೀನ್ ಶಿವಮೊಗ್ಗಕ್ಕೆ ಬಾಳೆಗೊನೆ ಹೇರಿಕೊಂಡು ಹೋಗಿದ್ದ. ಕಾಫಿಗೆ ಹಾಲಿಟ್ಟು ಹೊರಗೆ ನೋಡಿದೆ. ಬಾನು ಗಡಿಕಲ್ಲು ಹಿಡಿದು ನಿಂತಿದ್ದಾಳೆ. ನನ್ನ ಕಡೆಗೆ ಬರಲು ಹೊರಟವಳು ಅಲ್ಲಿಗೇ ನಿಂತಿದ್ದಾಳೆ.

"ಅಕ್ಕ, ನೀರು ಹೋಗಿಬಿಟ್ಟಿದೆ."

ಹೆರಿಗೆಗೆ ಇನ್ನೂ ಮೂರು ವಾರ ಇದೆ ಎಂದಿದ್ದಳು. ಹಿಡಿದುಕೊಂಡು ಹೋಗಿ ಅವಳ ಅಂಗಡಿಯ ಬೆಂಚಿನ ಮೇಲೆ ಕೂರಿಸಿದೆ. ಆ ಅಂಗಡಿಯೊಳಗೆ ನಾನು ಕಾಲಿಟ್ಟದ್ದು ಇವತ್ತೇ ಮೊದಲು. ಎನ್.ಆರ್.ಪುರದ ಜೀಪ್ ಸ್ಟ್ಯಾಂಡಿನ ನಂಬರ್ ಗೋಡೆ ಮೇಲೆ ಇತ್ತು. ಒಂದು ರೂಪಾಯಿ ಹಾಕಿದೆ.

ಎತ್ತಿದವನು ಯಾರೋ ಹೊಸ ಹುಡುಗ. ಎಲ್ಲಿಗೆ ಬರಬೇಕು ಎಂದ. ರಾಧಮ್ಮ ಸ್ಟಾಪ್ ಎಂದೆ. ಅದೆಲ್ಲಿ ಬರುತ್ತದೆ ಎಂದ. ಗಡಿಕಲ್ಲಿನ ಹತ್ತಿರ ಎಂದೆ. ಯಾವ ಗಡಿಕಲ್ಲು, ಬಾಳೆಹೊನ್ನೂರು ಕಡೆಯದಾ? ಅಲ್ಲ ಮಾರಾಯ, ಕೊಪ್ಪ ರಸ್ತೆ, ದೊಡ್ಡ ಹಲಸಿನ ಮರ, ಹಳದಿ ಬೋರ್ಡು. ಹಲಸಿನ ಮರ ರಸ್ತೆ ಉದ್ದಕ್ಕೂ ಇವೆ ಅಮ್ಮ ಎಂದ. ನಿಜವೇ.

ಯಾವ ಹೆಸರು ಹೇಳಿದರೆ ಗೊತ್ತಾಗುತ್ತದೆ ಎಂದು ನನಗೆ ಗೊತ್ತಿತ್ತು. ಮೊದಲಿನಿಂದ ಗೊತ್ತಿತ್ತು. ಹಿಂದೆ ಬಾನು ಬೆಂಚಿನ ಅಂಚು ಹಿಡಿದು ಹಲ್ಲು ಕಚ್ಚಿಕೊಂಡಿದ್ದಳು. ಫೋನು ಕುಂಯ್ ಕುಂಯ್ ಎಂದಿತು. ಹೇಳಲಿಲ್ಲ ನಾನು. ಕಟ್ಟಾಯಿತು.

ಒಂದು ರೂಪಾಯಿ ಪೂರ್ತಿ ಮುಗಿಯುವವರೆಗೆ ಹೇಳಲಿಲ್ಲ. ಇದನ್ನು ಇಲ್ಲಿ ಬಿಟ್ಟು ಬೇರೆಲ್ಲೂ ಬರೆಯಲಾರೆ.

ಸೆರಗಿನ ಗಂಟಿನಲ್ಲಿ ಬೇರೆ ಕಾಸಿರಲಿಲ್ಲ. ಬಾನು ತನ್ನ ಗಲ್ಲಾಪೆಟ್ಟಿಗೆ ತೋರಿಸಿದಳು. ಅವಳದೇ ರೂಪಾಯಿ ತೆಗೆದು ಅವಳದೇ ಫೋನಿಗೆ ಹಾಕಿದೆ. ಅದೇ ಹುಡುಗ ಎತ್ತಿದ.

"ಬಾನು ಸ್ಟಾಪ್" ಅಂದೆ.

"ಓ, ಬಾನು ಸ್ಟಾಪಾ? ಮುಂಚೆನೇ ಹೇಳ್ಬಾರ್ದಾ ಅಮ್ಮ. ಬಂದೆ."

ಬಂದ. ಅವಳ ತಲೆ ನನ್ನ ತೊಡೆ ಮೇಲೆ, ದಾರಿಯುದ್ದಕ್ಕೂ ಹೊಂಡ. ನನ್ನ ಕೈ ಹಿಡಿದದ್ದು ಬಿಡಲಿಲ್ಲ, ಬಳೆ ಎರಡು ಒಡೆದವು. ಆಸ್ಪತ್ರೆ ಮುಟ್ಟಿ ಸ್ವಲ್ಪ ಹೊತ್ತಿಗೇ ಹೆಣ್ಣುಮಗು. ನರ್ಸ್ ಮೊದಲು ನನ್ನ ಕೈಗೇ ಕೊಟ್ಟಳು, ಅಜ್ಜಿ ಎಂದುಕೊಂಡು. ನಾನೂ ಅಲ್ಲ ಎನ್ನಲಿಲ್ಲ. ಇಷ್ಟೇ ಇಷ್ಟು ಮೂಗು. ಕೊಡುವಾಗ ಕೈ ಬರಲಿಲ್ಲ ನನಗೆ.

ವಾಪಸು ಬಂದು ನೋಡಿದರೆ ಹಾಲು ಸೀದು ಪಾತ್ರೆ ಕರಿ. ಇವರು ತಾವೇ ಕೂತು ಉಜ್ಜುತ್ತಿದ್ದರು.

ಡಿಸೆಂಬರ್ 9

ತಸ್ಮಿಯಾ ಎಂದು ಹೆಸರಂತೆ. ಇದು ಮೂರಕ್ಷರ. ಒಳ್ಳೆಯದು.

ಬಾನು ತಾಯಿ ಮನೆಗೆ ಕೊಪ್ಪಕ್ಕೆ ಹೋದಳು, ನಲವತ್ತು ದಿನ. ಹೋಗುವ ಮುಂಚೆ ಕಮಾಲುದ್ದೀನ್ ಕೈಯಲ್ಲಿ ಅಂಗಡಿಯ ಬೀಗದ ಕೈ ಕಳಿಸಿದ್ದಾಳೆ. ಜನಕ್ಕೆ ಫೋನು ತಪ್ಪಬಾರದು, ಅಕ್ಕ ನೋಡಿಕೊಳ್ಳಲಿ ಎಂದಳಂತೆ. ಅವನಿಗೆ ಹೇಳಿದೆ — ನನಗೆ ನನ್ನ ಹೋಟೆಲೇ ಸಾಕಾಗಿದೆ. ಆದರೂ ಕೀಲಿ ಇಟ್ಟುಕೊಂಡೆ.

ಡಿಸೆಂಬರ್ 16

ಬಾಗಿಲು ಹಾಕಿದ ಅಂಗಡಿಯ ಹೆಸರು ಬಿದ್ದುಹೋಗುತ್ತದೆ ಎಂದುಕೊಂಡಿದ್ದೆ. ಎಲ್ಲಿ! ನವೀನ ಹಾಗೇ ಕೂಗುತ್ತಾನೆ. ಅವಳಿಲ್ಲದ ಬಾನು ಸ್ಟಾಪಿನಲ್ಲಿ ಜನ ಇಳಿಯುತ್ತಾರೆ, ನನ್ನ ಹತ್ತಿರ ಕಾಫಿ ಕುಡಿಯುತ್ತಾರೆ, ಬಾನು ಯಾವಾಗ ಬರ್ತಾಳೆ ರಾಧಮ್ಮ ಎಂದು ಕೇಳುತ್ತಾರೆ. ವ್ಯಾಪಾರ ಮೊದಲಿನ ಹಾಗೇ ಆಗಿದೆ. ಖುಷಿ ಮಾತ್ರ ಬರುತ್ತಿಲ್ಲ. ಎದುರಿಗೆ ಟ್ಯೂಬ್‌ಲೈಟ್ ಇಲ್ಲದೆ ನನ್ನ ಹೊಸ್ತಿಲೂ ಕತ್ತಲೆ.

ಫೋನಿನದೊಂದು ಕಾಟ. ಹೊರಗಿನಿಂದಲೂ ಬರುತ್ತದೆ ಅದು. ಹಿಟ್ಟಿನ ಕೈಯಲ್ಲಿ ರಸ್ತೆ ದಾಟಿ ಓಡಬೇಕು. ಎತ್ತಿದರೆ ಎಲ್ಲರದೂ ಒಂದೇ ಪ್ರಶ್ನೆ — ಬಾನು ಸ್ಟಾಪಾ? ಮೊದಲ ದಿನ ಬರೀ ಹೂಂ ಎಂದೆ. ಆಮೇಲೆ ಹೌದು. ಈಗ ಅವರು ಕೇಳುವ ಮೊದಲೇ ನಾನೇ ಹೇಳಿ ಮುಗಿಸುತ್ತೇನೆ, ಬಾನು ಸ್ಟಾಪ್, ಯಾರು ಬೇಕು ಅಂತ. ನವೀನ ಹೇಳಿದ್ದು ಸುಳ್ಳಲ್ಲ. ಬಾಯಿಗೆ ಸಸಾರ.

ಡಿಸೆಂಬರ್ 23, ಬೆಳಿಗ್ಗೆ

ಕಡುಬು ಒಲೆ ಮೇಲಿದೆ. ಈಗಷ್ಟೇ ಫೋನು ಬಂತು, ಇಷ್ಟು ಬೇಗ ಯಾರಪ್ಪ ಎಂದು ಓಡಿದೆ. ಬಾನು ಸ್ಟಾಪ್ ಎಂದೆ, ಅಭ್ಯಾಸದ ಮೇಲೆ.

ಆಚೆಯಿಂದ ಮಗು ಅಳುವುದು ಕೇಳಿಸಿತು.

"ರಾಂಗ್ ನಂಬರ್ ಆಯ್ತಾ ಅಕ್ಕ?" ಅಂದಳು ಬಾನು. "ನಾನು ರಾಧಮ್ಮ ಸ್ಟಾಪಿಗೆ ಮಾಡಿದ್ದು."

ಅವಳೇ ಹೇಳಿದಳು. ಅಂಗಡಿ ಹಾಕಿದ ದಿನದಿಂದ ತನ್ನ ತಾಯಿಗೆ, ಆಸ್ಪತ್ರೆ ಚೀಟಿಯಲ್ಲಿ, ಎಲ್ಲೆಲ್ಲೂ ಹೇಳುವುದು ಹಾಗೇ ಅಂತೆ. ಎಲ್ಲಿರ್ತೀಯ ಎಂದರೆ ರಾಧಮ್ಮನ ಹತ್ತಿರ. ಮಗಳು ಹುಟ್ಟಿದ ಮೇಲೆ ಬರೆಸಿದ ವಿಳಾಸವೂ ಅದೇ. ಅವಳದೇ ಸ್ಟಾಪು, ಅವಳಿಗೇ ತನ್ನ ಹೆಸರು ಬೇಡ.

ಹಾಳಾದವಳು. ಇದರಲ್ಲೂ ಅವಳೇ ಗೆದ್ದಳು. ನಾನು ಅವಳ ಹೆಸರು ಹೇಳಿದ್ದು ಒಂದು ರೂಪಾಯಿ ಮುಗಿದ ಮೇಲೆ. ಅವಳು ನನ್ನದು ಮೊದಲ ದಿನದಿಂದ. ಹೊಟ್ಟೆ ಉರಿಯುತ್ತಿದೆ. ಅಳುವೂ ಬರುತ್ತಿದೆ, ಯಾವುದು ಮೊದಲು ಎಂದು ಗೊತ್ತಾಗುತ್ತಿಲ್ಲ.

ಮಗುವನ್ನು ಫೋನಿನ ಹತ್ತಿರ ಹಿಡಿ ಎಂದೆ. ಹಿಡಿದಳು. ಆ ಉಸಿರು ಕೇಳುತ್ತಾ ನಿಂತಿದ್ದೆ, ಅಷ್ಟರಲ್ಲಿ ಕುಂಯ್ ಕುಂಯ್, ಅವಳೂ ಕಾಯಿನ್ ಬಾಕ್ಸಿನಿಂದ ಮಾಡಿದ್ದಿರಬೇಕು.

ತಿರುವಿನಲ್ಲಿ ಹಾರನ್ ಆಯಿತು. ಏಳೂಕಾಲರದ್ದು. ಇವತ್ತು ಒಲೆ ಊದುವುದು ನಿಲ್ಲಿಸುವುದಿಲ್ಲ, ನವೀನ ಏನಾದರೂ ಕೂಗಿಕೊಳ್ಳಲಿ. ಅವನಿಗೆ ಹೇಳಬೇಕು, ಬಾನು ಬರುವ ದಿನ ಮಗುವಿಗೂ ಸೇರಿಸಿ ಟಿಕೆಟ್ ಹರಿ, ದುಡ್ಡು ನಾನು ಕೊಡುತ್ತೇನೆ, ಒಂದು ಬಾನು, ಒಂದು ಅರ್ಧ... ಬಸ್ಸು ಬಂತು.