ಕೊನೆಯ ಸಾಲಿಗೂ ಕಾಣುವ ಕೆಸರು

ಮನೆಯಿಂದ,
ಭಾನುವಾರ ಸಂಜೆ

ಕೇಳಿರಿ, ಕೇಳಿರಿ, ಮಹಾಜನಗಳೇ! ಮುಂದಿನ ಕುರ್ಚಿಯವರೇ, ನಡುವಿನ ಬೆಂಚಿನವರೇ, ಜಾಗ ಸಿಗದೆ ಗೋಡೆಗೊರಗಿ ನಿಂತವರೇ! ಕೂಸುಗಳ ಅಳು ನಿಲ್ಲಿಸಿ, ಬಾಯಲ್ಲಿರುವುದನ್ನು ನುಂಗಿ, ಇತ್ತ ಕಿವಿಗೊಡಿ!

ಪ್ರೀತಿಯ ಮಗಳೇ,

ಗಾಬರಿಯಾಗಬೇಡ, ಮನೆಯಲ್ಲಿ ಯಾರೂ ಸೇರಿಲ್ಲ. ಮುಂದಿನ ಕುರ್ಚಿಯಲ್ಲಿ ಕೂತಿರುವುದು ಮಡಚದ ಬಟ್ಟೆಯ ರಾಶಿ, ಗೋಡೆಗೊರಗಿ ನಿಂತಿರುವುದು ನಿನ್ನ ಸೈಕಲ್ಲು. ಆದರೂ ಹೀಗೆ ಕೂಗಿಕೊಳ್ಳದೆ ನನಗೆ ಮಾತು ಶುರುವಾಗುವುದಿಲ್ಲ, ನಿನಗೆ ಗೊತ್ತೇ ಇದೆ. ನೀನು ಹೇಗಿದ್ದೀಯ? ಸೊಂಟನೋವು ಇಳಿಯಿತೇ? ಕಬ್ಬಿಣದ ಹೊಟ್ಟೆಯೊಳಗೆ ಮುದುರಿ ಕೂತು ಟ್ಯಾಂಕು ಓಡಿಸುವವಳು ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ ಇಲ್ಲವೋ? ನನ್ನ ಮಂಡಿಗಳು ನನ್ನೊಡನೆ ಮಾತು ಬಿಟ್ಟಿವೆ. ಗಂಟಲು ಮಾತ್ರ ನಾಟಕ ಕಂಪನಿಯ ಕಾಲದ್ದೇ. ಮೊನ್ನೆ ನಾನು ಕೆಮ್ಮಿದ್ದಕ್ಕೆ ಪಕ್ಕದ ಮನೆಯ ದರ್ಜಿ ಬೆರಳಿಗೆ ಸೂಜಿ ಚುಚ್ಚಿಕೊಂಡನಂತೆ.

ಕಳೆದ ಸಲ ಫೋನಿನಲ್ಲಿ ನೀನು ಕೇಳಿದೆ: "ಅಪ್ಪಾ, ಸೈನ್ಯದಲ್ಲಿ ನನ್ನ ಅವಧಿ ಮುಗೀತಾ ಬಂತು. ಮುಂದುವರೀಲಾ, ಬಿಟ್ಟು ಬರ್ಲಾ? ನೀನು ಹೇಗೆ ಹೇಳಿದ್ರೆ ಹಾಗೆ." ಕಿಕ್ಕಿರಿದ ಸಭೆಯೆದುರು ಒಂದು ಮಾತೂ ತಪ್ಪದ ನಿನ್ನಪ್ಪ ನಾನು, "ಕಾಗದ ಬರೀತೀನಿ ಮಗಾ" ಎಂದು ಫೋನಿಟ್ಟೆ. ಬರೆಯಲು ಕೂತಾಗಲೆಲ್ಲ ಬಂದದ್ದು ರಂಗದ ಮಾತೇ: ನಡೆ ವೀರಪುತ್ರಿ, ಜಯಭೇರಿ ಬಾರಿಸಿ ಬಾ! ಬರೆದೆ, ಹರಿದೆ. ಮಗಳು ಎಲ್ಲಿ ಕೂರುತ್ತಾಳೆಂದು ಕಣ್ಣಾರೆ ಕಾಣದೆ ಬಾಯಿ ತೆರೆಯಬಾರದು ಎಂದುಕೊಂಡು, ನಿನ್ನ ಟ್ಯಾಂಕಿನ ಮಾದರಿ ಕಟ್ಟುವ ಕಿಟ್ ತರಿಸಿದೆ. ಸಣ್ಣದಲ್ಲ, ನಿಜವಾದದ್ದರ ಹದಿನಾರನೇ ಒಂದು ಪಾಲು! ನಿನ್ನಮ್ಮನ ಹೊಲಿಗೆ ಮೇಜನ್ನು ಇಡೀ ಆಕ್ರಮಿಸಿದೆ. ಅವಳು ಬದುಕಿದ್ದರೆ ಟ್ಯಾಂಕನ್ನೂ ನನ್ನನ್ನೂ ಒಟ್ಟಿಗೇ ಅಂಗಳಕ್ಕೆ ಅಟ್ಟುತ್ತಿದ್ದಳು.

ಚಕ್ರಗಳ ಸುತ್ತ ಓಡುವ ಪಟ್ಟಿ ಒಂದೇ ತುಂಡೆಂದು ತಿಳಿದಿದ್ದೆ. ಅಲ್ಲವಂತೆ ಮಹಾರಾಯ್ತಿ! ಒಂದೊಂದೇ ಕೊಂಡಿಯನ್ನು ಕತ್ತರಿಸಿ, ಅಂಚು ಉಜ್ಜಿ, ಇನ್ನೊಂದಕ್ಕೆ ಸಿಕ್ಕಿಸಬೇಕು. ಒಬ್ಬರು ಹಿಡಿದುಕೊಂಡರೆ ಇನ್ನೊಬ್ಬರು ಸಿಕ್ಕಿಸುವ ಕೆಲಸ ಅದು. ಇನ್ನೊಬ್ಬರಿಗಾಗಿ ಎಲ್ಲಿಗೆ ಹೋಗಲಿ? ಬಟ್ಟೆ ಒಣಹಾಕುವ ಕ್ಲಿಪ್ಪುಗಳೇ ನನ್ನ ಸಹನಟರು. ಅವು ಜಾರಿದಾಗ ಗದರಿಸಿದೆ, ಹಿಡಿದಾಗ ಭಲೇ ಎಂದೆ. ಪೆಟ್ಟಿಗೆಯಲ್ಲಿ ಚಾಲಕನ ಗೊಂಬೆಯೂ ಇತ್ತು, ಹೆಬ್ಬೆರಳಿಗಿಂತ ತುಸು ದೊಡ್ಡದು, ಮುಖದ ತುಂಬ ಮೀಸೆ. ಬ್ಲೇಡಿನಿಂದ ನುಣ್ಣಗೆ ಬೋಳಿಸಿದೆ. ನಾನೂ ಒಂದು ಕಾಲದಲ್ಲಿ ಮೀಸೆ ಬೋಳಿಸಿಕೊಂಡು ರಾಣಿಯಾದವನೇ ತಾನೇ!

ಕಟ್ಟುವುದೇನೋ ಮುಗಿಯಿತು. ಇನ್ನು ಅದಕ್ಕೆ ಬಿಸಿಲು ಮಳೆ ಕಂಡ ಕಳೆ ಬರಿಸಬೇಕು. ಮೊದಲು ತುಕ್ಕಿನ ಬಣ್ಣ, ಅದರ ಮೇಲೆ ನೀರು ಚಿಮುಕಿಸಿ ಉಪ್ಪು, ಉಪ್ಪಿನ ಮೇಲೆ ಹಸಿರು. ಒಣಗಿದ ಮೇಲೆ ಉಪ್ಪು ಉಜ್ಜಿ ತೆಗೆದರೆ, ಆಹಾ, ಅಲ್ಲಲ್ಲಿ ಬಣ್ಣವೆದ್ದು ತುಕ್ಕು ಹಿಡಿದ ಕಬ್ಬಿಣ! ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ನಾನು ಕಲಿತದ್ದು ಕೊನೆಯ ಸಾಲಿನ ಮುದುಕನಿಗೂ ಕಾಣುವ ಬಣ್ಣ. ಕೆಸರು ಮೆತ್ತಿದೆ, ಸಾಲದೆಂದು ಇನ್ನಷ್ಟು ಮೆತ್ತಿದೆ. ಗಾಯವಿಲ್ಲದ ವೀರನಿಗೆ ಚಪ್ಪಾಳೆಯೆಲ್ಲಿ? ಮೊಳೆ ಕಾಯಿಸಿ ಮುಂಭಾಗದ ಎಡಗಡೆಗೆ ಒತ್ತಿದೆ. ಪ್ಲಾಸ್ಟಿಕ್ ಕರಗಿ, ಗುಂಡು ಹೊಕ್ಕ ಹಾಗೇ ತೂತಾಯಿತು. ಸುತ್ತ ದೀಪದ ಮಸಿ ತೀಡಿದೆ.

ಅದನ್ನು ಯಾರಿಗಾದರೂ ತೋರಿಸದೆ ಇರಲಾದೀತೇ? ನಮ್ಮ ಕಂಪನಿಯಲ್ಲಿ ಮುಖಕ್ಕೆ ಬಣ್ಣ ಹಚ್ಚುತ್ತಿದ್ದ ನಿನ್ನ ಬಣ್ಣದ ಮಾಮನನ್ನು ಕರೆಸಿದೆ. ಬಾಗಿಲಲ್ಲೇ ನಿಂತು ನಕ್ಕ. "ಏನ್ ರಾಜರೇ, ಟ್ಯಾಂಕಿಗೂ ರಾಕ್ಷಸನ ವೇಷ ಹಾಕ್ಬಿಟ್ರಾ? ಹಲ್ಲೊಂದು ಬಾಕಿ!" ಹತ್ತಿರ ಬಂದು ತೂತಿಗೆ ಬೆರಳಿಟ್ಟು, "ಇದು ಮಾತ್ರ ಭೇಷ್, ನೋಡಿದ್ರೆ ಮೈ ಜುಂ ಅನ್ನುತ್ತೆ" ಎಂದ. ನಾನು ಉಬ್ಬಿಹೋದೆ. ಟೀ ಕುಡಿಯುತ್ತಾ ಸುಮ್ಮನೆ ಕೇಳಿದ, "ಅಂದ ಹಾಗೆ, ನಮ್ಮ ಹುಡುಗಿ ಕೂರೋದು ಎಲ್ಲಿ?" ತೋರಿಸಲು ಬೆರಳು ಚಾಚಿದೆ, ಮಗಳೇ. ಮುಂಭಾಗದಲ್ಲಿ, ಎಡಗಡೆ. ಬೆರಳು ಹೋಗಿ ನಿಂತದ್ದು ಆ ತೂತಿನ ಹಿಂದೆಯೇ. ಅವನು ಲೋಟ ಕೆಳಗಿಟ್ಟ. "ಬರ್ತೀನಣ್ಣಾ" ಎಂದ. ರಾಜರೇ ಅನ್ನಲಿಲ್ಲ.

ಆಮೇಲೆ ತೂತಿಗೆ ಮೇಣ ತುಂಬಿ, ಉಜ್ಜಿ, ಮತ್ತೆ ಹಸಿರು ಬಳಿದೆ. ಮಸಿ ತೊಳೆದೆ. ಬೇರೆ ಯಾರಿಗೂ ಕಾಣುವುದಿಲ್ಲ. ನನಗೆ ಈ ಕುರ್ಚಿಯಿಂದಲೂ ಕಾಣುತ್ತದೆ. ಚಾಲಕಿಯನ್ನು ಸೀಟಿಗೆ ಅಂಟಿಸಿ ಮುಚ್ಚಳ ಹಾಕುವುದೊಂದೇ ಕೊನೆಯ ಕೆಲಸ. ಎಷ್ಟೋ ಸಲ ಅಂಟಿನ ಟ್ಯೂಬು ಕೈಗೆತ್ತಿಕೊಂಡೆ, ಕೆಳಗಿಟ್ಟೆ. ಈಗ ಅವಳು ಅಂಟಿಲ್ಲದೆ ಸುಮ್ಮನೆ ಒಳಗೆ ಕೂತಿದ್ದಾಳೆ, ಮುಚ್ಚಳವನ್ನೂ ಅಂಟಿಸದೆ ಮೇಲಿಟ್ಟಿದ್ದೇನೆ.

ಮನೆಯ ಸುದ್ದಿ ಇಷ್ಟೇ. ನಿನ್ನ ಸೈಕಲ್ಲಿಗೆ ಗಾಳಿ ಹಾಕಿಸಿದ್ದೇನೆ. ಜೊತೆಯ ಹುಡುಗಿಯರಿಗೆಲ್ಲ ಈ ಮುದುಕನ ಆಶೀರ್ವಾದ ತಿಳಿಸು. ಮೈ ಕಡೆ ನಿಗಾ ಇರಲಿ, ನೂರು ಕಾಲ ಬಾಳು.

ಇಂತು ನಿನ್ನ
ಅಪ್ಪ

ತಾ.ಕ.: ಲಕೋಟೆಗೆ ಅಂಟು ಹಚ್ಚುವ ಮೊದಲು ಬರೆದುಬಿಡುತ್ತೇನೆ, ಆಮೇಲೆ ಧೈರ್ಯ ಬರಲಿಕ್ಕಿಲ್ಲ. ನೀನು ಕೇಳಿದ್ದಕ್ಕೆ ಉತ್ತರ: ಬಿಟ್ಟು ಬಾ. ಇದಕ್ಕೆ ಹಿಮ್ಮೇಳ ಇಲ್ಲ, ಪರದೆ ಇಲ್ಲ, ದೊಡ್ಡ ದನಿಯೂ ಇಲ್ಲ. ಬಾ ಮಗಾ. ನಾಳೆ ಬೆಳಿಗ್ಗೆ ಈ ಕಾಗದವನ್ನು ಅಂಚೆಗೆ ಹಾಕಿ ಬಂದು, ಟ್ಯಾಂಕಿನ ಮುಚ್ಚಳ ತೆರೆದು, ಆ ಮೀಸೆಯಿಲ್ಲದ ಹುಡುಗಿಯನ್ನು ಮೆಲ್ಲಗೆ ಆಚೆ ಎತ್ತಿ, ಕಿಟಕಿಯ ಬಿಸಿಲಲ್ಲಿ ನನ್ನ ಟೀ ಲೋಟದ ಪಕ್ಕ ಕೂರಿಸುತ್ತೇನೆ.