ಗಿನಿ ಹುಲ್ಲಿನ ನಡುವಿನ ಆ ಬಳ್ಳಿ ಕಳೆಯಲ್ಲ

ಮತ್ತೆ, ಆ ಬಳ್ಳಿ ಕಳೆಯಲ್ಲ ಎಂದು ನಾನು ಹೇಳುತ್ತಿದ್ದಾಗಲೇ ತಾವು ಜೀಪು ಹತ್ತಿಬಿಟ್ಟಿರಿ, ಮೇವು ಯೋಜನೆಯ ಮಾನ್ಯ ಅಧಿಕಾರಿಗಳೇ. ನಿನ್ನೆ ಅರ್ಧಕ್ಕೆ ನಿಂತ ಮಾತನ್ನು ಇವತ್ತು ಪತ್ರಿಕೆಯಲ್ಲಿ ಮುಗಿಸುತ್ತೇನೆ. ಇಲ್ಲಿ ಬಾಗಿಲು ಎಳೆದುಕೊಂಡು ಹೊರಡುವ ಸೌಕರ್ಯ ತಮಗಿಲ್ಲ. ವಿಷಯ ಇಷ್ಟೆ. ವಾಮದಪದವಿನ ನಮ್ಮ ಹಾಲಿನ ಸಂಘದ ಅರ್ಧ ಎಕರೆಯಲ್ಲಿ ಮೂರು ಮನೆಯವರು ಸೇರಿ ಮೇವು ಬೆಳೆಸಿದ್ದೇವೆ. ಅದರಲ್ಲಿ ಗಿನಿ ಹುಲ್ಲಿನ ಜೊತೆ ಹಬ್ಬಿದ ಬಳ್ಳಿಗೆ ಮುಂದಿನ ಸೋಮವಾರದೊಳಗೆ ಕಳೆನಾಶಕ ಹೊಡೆಯಬೇಕು, ಮೇಲಿಂದ ಯೂರಿಯಾ ಎರಚಬೇಕು, ಇಲ್ಲದಿದ್ದರೆ ಜಾಗ ಬೇರೆಯವರಿಗೆ ಎಂದು ತಾವು ಬರೆದುಕೊಟ್ಟು ಹೋಗಿದ್ದೀರಿ. ಹೊಡೆದರೆ ಐದು ದನಗಳ ಬೇಸಗೆಯ ಹಸಿಮೇವು ಹೋಯಿತು, ಬಳ್ಳಿಯ ಬೀಜವೂ ಹೋಯಿತು. ಇದು ನನ್ನ ದೂರು.

ನಿನ್ನೆ ತಾವು ಗದ್ದೆಯ ಬದುವಿನಲ್ಲಿಯೇ ನಿಂತು, "ಏನ್ರೀ ಇದು, ಮೇವಿನ ತಾಕು ಅಂತೀರಿ, ಕಾಡು ಬೆಳೆಸಿದ್ದೀರಲ್ಲ!" ಎಂದಿರಿ. ನಮ್ಮ ಪಾಲುದಾರರಲ್ಲಿ ಒಬ್ಬರಾದ ಪಾತುಮ್ಮ, ತಲೆಯ ಬಟ್ಟೆ ಸರಿಮಾಡಿಕೊಂಡು, "ಸಾರ್, ದನಗಳು ಮೊದಲು ಅದನ್ನೇ ತಿನ್ನುವುದು. ಹುಲ್ಲಿಗೆ ಬಾಯಿ ಹಾಕುವುದು ಮತ್ತೆ" ಎಂದರು. "ದನಕ್ಕೇನಮ್ಮ ಗೊತ್ತು?" ಎಂದಿರಿ ತಾವು. ಮಾನ್ಯರೇ, ಮೇವಿನ ವಿಷಯ ದನಕ್ಕೆ ಗೊತ್ತಿಲ್ಲದಿದ್ದರೆ ಇನ್ನು ಯಾರಿಗೆ ಗೊತ್ತಿರಬೇಕು? ಮೂರನೆಯ ಪಾಲಿನ ರುಕ್ಮಯ್ಯ ಹಿಂದಿನಿಂದ, "ದನಕ್ಕೆ ಸರ್ಕಾರಿ ಸಂಬಳ ಇಲ್ಲವಲ್ಲ ಮಾರಾಯ್ರೇ, ಹಾಗಾಗಿ ಅದರ ಅಭಿಪ್ರಾಯ ಲೆಕ್ಕಕ್ಕಿಲ್ಲ" ಎಂದ. ತಮಗೆ ಕೇಳಲಿಲ್ಲ ಎಂದು ಇಲ್ಲಿ ಬರೆದೆ. ಅವನಿಗೆ ನಾನು ಹೀಗೆ ಬರೆಯುವುದು ಗೊತ್ತಿಲ್ಲ, ಬೈದಾನು. ಇರಲಿ.

ಆ ಬಳ್ಳಿ ರಬ್ಬರ್ ತೋಟದ್ದು. ಬೆಳ್ತಂಗಡಿಯ ಕಡೆ ರಬ್ಬರ್ ಸಣ್ಣದಿರುವಾಗ ಮಣ್ಣು ಕೊಚ್ಚಿ ಹೋಗದ ಹಾಗೆ ನೆಲಕ್ಕೆ ಹಬ್ಬಿಸುತ್ತಾರೆ. ಪ್ಯುರೇರಿಯಾ ಎಂದು ಹೆಸರು. ಅದೇ ತೋಟಗಳಲ್ಲಿ ದನ ಮೂಸಿಯೂ ನೋಡದ ಇನ್ನೊಂದು ದಪ್ಪ ಬಳ್ಳಿ ಉಂಟು. ತಾವು ಬಹುಶಃ ಇದನ್ನು ಅದೆಂದು ಎಣಿಸಿದ್ದೀರಿ. ತಪ್ಪಲ್ಲ, ಬದುವಿನಲ್ಲಿ ನಿಂತರೆ ಎರಡೂ ಹಸಿರೇ. ಇಳಿದು ಒಂದು ಬುಡ ಕಿತ್ತು ನೋಡಿದ್ದರೆ ಬೇರಿನಲ್ಲಿ ಸಾಸಿವೆಯಷ್ಟು ದೊಡ್ಡ ಗಂಟುಗಳು ಕಾಣುತ್ತಿದ್ದವು. ರೂಟ್ ನಾಡ್ಯೂಲ್ಸ್! ಮೂಡಬಿದಿರೆಯಲ್ಲಿ ನಾನು ಪದವಿಗೆ ಓದುವಾಗ ಬಾಟನಿ ಮೇಷ್ಟ್ರು ಬೋರ್ಡಿನಲ್ಲಿ ಬರೆದದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗೆ ಉಂಟು: ಲೆಗ್ಯೂಮ್ಸ್ ಫಿಕ್ಸ್ ದಿ ಅಟ್ಮಾಸ್ಫೆರಿಕ್ ನೈಟ್ರೋಜನ್. ಅದರ ಮುಂದಿನ ವಾಕ್ಯ ಮರೆತುಹೋಗಿದೆ. ವೇರ್ ಆ್ಯಸ್ ಎಂದು ಶುರುವಾಗುತ್ತಿತ್ತು. ಗಾಳಿಯಲ್ಲಿರುವ ಗೊಬ್ಬರವನ್ನು ದ್ವಿದಳ ಜಾತಿಯ ಈ ಬಳ್ಳಿ ಬೇರಿಗೆ ಎಳೆಯುತ್ತದೆ, ಅದರ ಎಲೆ ಉದುರಿ ಬೇರು ಕೊಳೆತಾಗ ಪಕ್ಕದ ಹುಲ್ಲಿಗೂ ಸಿಗುತ್ತದೆ. ಇದನ್ನು ಕೊಂದು, ಅದೇ ಕೆಲಸಕ್ಕೆ ಚೀಲದಲ್ಲಿ ಯೂರಿಯಾ ತಂದು ಹಾಕಿ ಎನ್ನುತ್ತೀರಿ. ಮನೆಯ ಬಾವಿಗೆ ಮಣ್ಣು ತುಂಬಿಸಿ ಟ್ಯಾಂಕರಿಗೆ ಕಾಯುವುದಕ್ಕೂ ಇದಕ್ಕೂ ವ್ಯತ್ಯಾಸ ಏನು?

ಇದನ್ನು ಇಲ್ಲಿಗೆ ತಂದದ್ದು ನಾನಲ್ಲ, ನನ್ನ ಹೆಂಡತಿ ಅಮ್ಮಣ್ಣಿ. ತೀರಿಕೊಂಡು ಐದು ವರ್ಷವಾಯಿತು. ತವರಿನ ಕಡೆಯ ಒಂದು ರಬ್ಬರ್ ತೋಟದಿಂದ ಬೀಜ ತಂದಳು. ಅದರ ಜೊತೆ, ಬಳ್ಳಿಯ ಬುಡದ ಒಂದು ಬುಟ್ಟಿ ಮಣ್ಣನ್ನೂ ಬಸ್ಸಿನಲ್ಲಿ ತಂದಳು. ಪುಂಜಾಲಕಟ್ಟೆಯಲ್ಲಿ ಬುಟ್ಟಿ ಇಳಿಸಿಕೊಳ್ಳಲು ಹೋದ ನನಗೆ ನಾಚಿಕೆ. "ನಮ್ಮಲ್ಲಿ ಮಣ್ಣಿಲ್ಲವಾ?" ಎಂದೆ. "ಉಂಟು, ಅದಕ್ಕೆ ಈ ಬಳ್ಳಿಯ ಪರಿಚಯ ಇಲ್ಲ" ಎಂದಳು. ಬೀಜವನ್ನು ಬಿಸಿನೀರಲ್ಲಿ ನೆನೆಸಿ, ಗಂಜಿಯ ತಿಳಿಯಲ್ಲಿ ಒದ್ದೆ ಮಾಡಿ, ಆ ಮಣ್ಣಿನಲ್ಲಿ ಹೊರಳಿಸಿ ಬಿತ್ತಿದಳು. ನೆಲಕ್ಕೆ ಮೊದಲೇ ಚಿಪ್ಪಿನ ಸುಣ್ಣ ಬಿದ್ದಿತ್ತು. ನಮ್ಮದು ಹುಳಿಮಣ್ಣು, ಸುಣ್ಣ ಇಲ್ಲದೆ ಬಳ್ಳಿ ಏಳುವುದಿಲ್ಲ. ಗಂಟು ಕಟ್ಟುವ ಸೂಕ್ಷ್ಮಜೀವಿಗಳು ಆ ಬುಟ್ಟಿಯಲ್ಲಿ ಬಂದಿದ್ದವು ಎಂದು, ಬೋರ್ಡಿನಲ್ಲಿ ಅದನ್ನೇ ಓದಿದ್ದ ನನಗೆ ಹೊಳೆದದ್ದು ಅವಳು ಹೋದ ಮೇಲೆ.

ಈಗ ನನ್ನ ತಪ್ಪು ಹೇಳುತ್ತೇನೆ. ಅವಳು ತೀರಿದ ವರ್ಷವೇ ತಮ್ಮ ಕಚೇರಿಯ ಕರಪತ್ರ ಬಂತು. ನಾಲ್ಕು ಬಣ್ಣದ ಮುದ್ರಣ, ಮೊದಲ ಮಳೆಗೆ ಯೂರಿಯಾ, ಪ್ರತಿ ಕೊಯ್ಲಿಗೆ ಪುನಃ ಯೂರಿಯಾ. ಎಂಟು ದಿನಕ್ಕೊಮ್ಮೆ ಮಳೆ ಕಾಣುವ ಊರಿನವರು ಬರೆದದ್ದಿರಬೇಕು. ನಮ್ಮಲ್ಲಿ ಜೂನ್ ತಿಂಗಳಲ್ಲಿ ಎರಚಿದ್ದು ಸಂಜೆಯೊಳಗೆ ಅರ್ಧದಷ್ಟು ಕೊಚ್ಚಿಕೊಂಡು ತೋಡಿನ ನೀರಿಗೆ ಇಳಿಯುತ್ತದೆ. ಆದರೂ ಎರಚಿದೆ. ಮನೆಯಲ್ಲಿ ಸುಮ್ಮನೆ ಕೂರಲು ಆಗುತ್ತಿರಲಿಲ್ಲ, ಕೈಗೆ ಏನಾದರೂ ಬೇಕಿತ್ತು. ಉಳಿದ ಅರ್ಧ ಕುಡಿದೇ ಹುಲ್ಲು ಆಳೆತ್ತರ ಎದ್ದಿತು, ಕಪ್ಪು ಹಸಿರು. ಪಾತುಮ್ಮನನ್ನು ಕರೆದು, "ನೋಡಿ, ಇದು ಸೈನ್ಸ್" ಎಂದೆ. ಅಡಿಯಲ್ಲಿ ಬಳ್ಳಿ ಬೆಳಕಿಲ್ಲದೆ ಹಳದಿಯಾಗುತ್ತಿದ್ದುದನ್ನು ನಾನು ಬಗ್ಗಿ ನೋಡಲಿಲ್ಲ. ಎರಡು ಮಳೆಗಾಲದಲ್ಲಿ ಅದು ನಿರ್ನಾಮ. ಫೆಬ್ರವರಿಯಲ್ಲಿ ಹುಲ್ಲು ಬರೇ ಕಡ್ಡಿ. ದನಗಳು ತುದಿ ಹರಿದು ಉಳಿದದ್ದನ್ನು ತುಳಿದವು, ಹಾಲು ಇಳಿಯಿತು. "ಕಮಲಾಕ್ಷಣ್ಣ, ನಿಮ್ಮ ಸೈನ್ಸಿನಿಂದ ಕೊಟ್ಟಿಗೆಗೆ ಮಾಡು ಹೊದಿಸಬಹುದು. ತಿನ್ನಿಸಿದರೆ ನನ್ನ ದನದ ಹಲ್ಲು ಉದುರೀತು" ಎಂದರು ಪಾತುಮ್ಮ.

ಬೀಜಕ್ಕಾಗಿ ಆ ರಬ್ಬರ್ ತೋಟಕ್ಕೆ ಹೋದೆ. ಮರಗಳು ದೊಡ್ಡದಾಗಿ ನೆರಳು ಮುಚ್ಚಿ ಅಲ್ಲಿ ಬಳ್ಳಿಯೇ ಇಲ್ಲ. ಮತ್ತೆ ನೋಡಿದರೆ ಪಾತುಮ್ಮನ ಬಚ್ಚಲಿನ ಹಿಂದಿನ ಬೇಲಿಯಲ್ಲಿ ಒಂದು ಗಿಡ ಉಂಟು! ಅಮ್ಮಣ್ಣಿ ಎಂದೋ ಕೊಟ್ಟ ಬೀಜ. ಅದರಿಂದ ಒಂದು ಹಿಡಿ ಬೀಜ, ಒಂದು ಬುಟ್ಟಿ ಬುಡದ ಮಣ್ಣು ಕೊಟ್ಟು, "ಯೂರಿಯಾ ಗದ್ದೆಯ ಒಳಗೆ ಬಂದರೆ ನನ್ನ ಪಾಲು ವಾಪಸ್ ಕೊಡಿ" ಎಂದರು. ಅರವತ್ತೆಂಟನೆಯ ವಯಸ್ಸಿನಲ್ಲಿ ಗಂಜಿಯ ತಿಳಿಯಲ್ಲಿ ಬೀಜ ಒದ್ದೆ ಮಾಡಿ ಮಣ್ಣಿನಲ್ಲಿ ಹೊರಳಿಸಲು ಕುಳಿತೆ. ಹದ ಗೊತ್ತಿಲ್ಲ, ಕೇಳಲು ಜನ ಇಲ್ಲ. ಮೊದಲ ಸಲ ಮುಕ್ಕಾಲು ಪಾಲು ಕೊಳೆಯಿತು. ಈಗ ಮೂರು ವರ್ಷಕ್ಕೆ ಬಳ್ಳಿ ಹುಲ್ಲಿನ ಸೊಂಟದವರೆಗೆ ಬಂದಿದೆ. ಬೇಲಿಯ ಆ ಗಿಡ ಕಳೆದ ವರ್ಷ ರಸ್ತೆ ಅಗಲ ಮಾಡುವಾಗ ಹೋಯಿತು. ಹಾಗಾಗಿ ಇರುವುದು ಇದಿಷ್ಟೇ, ಮಾನ್ಯರೇ. ಇದು ಹೂ ಬಿಡಲು ಇನ್ನು ಎರಡು ತಿಂಗಳು ಉಂಟು, ಬೀಜ ಬಲಿಯಲು ಜನವರಿ. ಸೋಮವಾರದ ಕಳೆನಾಶಕಕ್ಕೆ ಅಷ್ಟು ತಾಳ್ಮೆ ಇಲ್ಲ.

ನಾನು ಯೂರಿಯಾದ ವೈರಿಯಲ್ಲ. ಕೊಟ್ಟಿಗೆಯ ಹಿಂದೆ ನೇಪಿಯರ್ ಹುಲ್ಲು ಒಂಟಿಯಾಗಿ ಉಂಟು, ಅದಕ್ಕೆ ಸಗಣಿ ನೀರಿನ ಜೊತೆ ಮಳೆ ನಿಂತ ಮೇಲೆ ಚೂರು ಚೂರು ಹಾಕುತ್ತೇನೆ. ಒಂಟಿ ಹುಲ್ಲಿನ ಊಟ ಬೇರೆ, ಜೋಡಿಯದ್ದು ಬೇರೆ. ಜೋಡಿಗೆ ಸುಣ್ಣ ಬೇಕು, ರಾಕ್ ಫಾಸ್ಫೇಟ್ ಬೇಕು, ಕೊಯ್ಯುವಾಗ ನೆಲದಿಂದ ಒಂದು ಗೇಣು ಬಿಡುವ ಕೈ ಬೇಕು. ತಮ್ಮ ವರದಿಯ ಫೋಟೋದಲ್ಲಿ ಹುಲ್ಲಿನ ಸಾಲು ನೇರ ಕಾಣುವುದಿಲ್ಲ ಎನ್ನುವುದೇ ತೊಂದರೆಯಾದರೆ ಹೇಳಿ, ಫೋಟೋಕ್ಕೆ ನೇಪಿಯರಿನ ಎದುರು ನಿಲ್ಲುವ. ನಾನು ಶರ್ಟು ಹಾಕಿಕೊಂಡು ಬರುತ್ತೇನೆ.

ಬೇಡಿಕೆ ಒಂದೇ. ಆ ಆದೇಶವನ್ನು ಸೋಮವಾರಕ್ಕೆ ಮೊದಲು ತಾವೇ ಬರಹದಲ್ಲಿ ಹಿಂದೆಗೆದುಕೊಳ್ಳಿ. ಕನಿಷ್ಠಪಕ್ಷ ಜನವರಿಯಲ್ಲಿ ನಾವು ಬೀಜ ಕೊಯ್ಯುವವರೆಗೆ ತಡೆಹಿಡಿಯಿರಿ. ಅಲ್ಲಿಯವರೆಗೆ ಮದ್ದಿನ ಕ್ಯಾನು ಹಿಡಿದು ಯಾರು ಬಂದರೂ ಗದ್ದೆಯ ಬೇಲಿ ದಾಟುವ ದಣಪೆಯಲ್ಲಿ ಪಾತುಮ್ಮ ಮತ್ತು ನಾನು ಕುಳಿತಿರುತ್ತೇವೆ. ರುಕ್ಮಯ್ಯನೂ ಬರುತ್ತಾನೆ, ಚಾ ಕೊಡುವುದಾದರೆ ಎಂದಿದ್ದಾನೆ. ನಮ್ಮನ್ನು ದಾಟಿ ಹೊಡೆಯುವುದಾದರೆ ತಾವೇ ಬಂದು ಹೊಡೆಯಿರಿ, ಬಾಡಿಗೆಯ ಆಳನ್ನು ಕಳಿಸಬೇಡಿ. ಇನ್ನೂ ಹೇಳುವುದು ಉಂಟು, ಗದ್ದೆಗೆ ನುಗ್ಗುವ ಕಾಡುಹಂದಿಗಳ ವಿಷಯ, ಆ ಕರಪತ್ರದ ಎರಡನೆಯ ಪುಟ...

ಅಯ್ಯೋ, ಬೆಳಕು ಹೋಗ್ತಾ ಉಂಟು. ಈ ಸಾಲು ನೇರ ಉಂಟೋ ಇಲ್ಲವೋ ನನಗೆ ಕಾಣುವುದಿಲ್ಲ. ಹುಲ್ಲು ಇನ್ನೂ ಕೊಯ್ದಿಲ್ಲ, ಕತ್ತಲೆಯಲ್ಲಿ ಕತ್ತಿ ಬೀಸಿದರೆ ಬಳ್ಳಿಯ ಬುಡವೂ ಬಂದೀತು. ಹೋಗುತ್ತೇನೆ.

ಇಂತಿ,
ಒಮ್ಮೆ ಇದನ್ನು ತನ್ನ ಕೈಯಾರೆ ಕೊಂದವ,
ಕಮಲಾಕ್ಷ, ವಾಮದಪದವು